ನೆಲದ ಮೇಲೆ ಕೂತವನು

ಅವನಿಗೆ ಓಟು ಹಾಕಿ ಅಂತ ಹೇಳಿದವಳು ನಾನೇ. ಬೇರೆ ಯಾರ ತಲೆಗೂ ಕಟ್ಟುವುದಿಲ್ಲ. ನಮ್ಮ ಹಳ್ಳಿ ಬೋವಾ ಸೋಂಬ್ರಾ ಮತ್ತು ಸುತ್ತಿನ ಹಳ್ಳಿಗಳ ಹೆಂಗಸರು ಓಟಿನ ದಿನ ಪೇಟೆಗೆ ಹೊರಡುವ ಮುಂಚೆ ನನ್ನ ಗುಡಿಸಲ ಮುಂದೆ ನಿಂತು "ಯಾರಿಗೆ, ದಾಲ್ವೀನಕ್ಕಾ?" ಅಂತ ಕೇಳಿದರು. "ಅದೆಲ್ಮುಗೆ" ಅಂದೆ. ಹೋಗಿ ಹಾಕಿ ಬಂದರು.

ನನ್ನನ್ನೇ ಯಾಕೆ ಕೇಳಿದರು? ಒಬ್ಬ ಮನುಷ್ಯನನ್ನು ಒಂದು ಸಲ ನೋಡಿದರೆ ಸಾಕು, ಅವನೆಂಥವನು ಅಂತ ನಾನು ಹೇಳಿಬಿಡುತ್ತೇನೆ ಅನ್ನುವ ಹೆಸರಿತ್ತು. ಯಾವ ಅಂಗಡಿಯವನು ತಕ್ಕಡಿ ಒತ್ತುತ್ತಾನೆ, ಯಾವ ಅಳಿಯ ಮುಂದೆ ಹೆಂಡತಿಯ ಮೇಲೆ ಕೈ ಮಾಡುತ್ತಾನೆ, ಯಾವ ಪಾದ್ರಿ ಕುಡಿಯುತ್ತಾನೆ ಅಂತೆಲ್ಲ ಹೇಳಿದ್ದೆ. ಹೇಳಿದಂತೆಯೇ ಆಗಿತ್ತು. ಅಕ್ಷರ ಬಾರದವಳಿಗೆ ಇದ್ದದ್ದು ಅದೊಂದೇ ವಿದ್ಯೆ. ಅದರ ಕೊಬ್ಬೂ ಇತ್ತು.

ನಮ್ಮ ಕೆಲಸ ಕಾಯಿ ಒಡೆಯುವುದು. ಬಬಾಸು ತಾಳೆಯ ಕಾಯಿ. ಕಲ್ಲಿಗಿಂತ ಗಟ್ಟಿ. ನೆಲದ ಮೇಲೆ ಕೂತು, ಕೊಡಲಿಯ ಕಾವನ್ನು ತೊಡೆ ಕೆಳಗೆ ಒತ್ತಿಟ್ಟುಕೊಳ್ಳಬೇಕು. ಅಲಗು ಮೇಲೆ ನೋಡುತ್ತಿರಬೇಕು. ಎಡಗೈಯಲ್ಲಿ ಕಾಯಿಯನ್ನು ಅಲಗಿನ ಮೇಲೆ ಹಿಡಿದು ಬಲಗೈಯಲ್ಲಿ ದೊಣ್ಣೆಯಿಂದ ಹೊಡೆಯಬೇಕು. ಒಂದು ಕಾಯಿಗೆ ನಾಲ್ಕೈದು ಏಟು, ಒಳಗೆ ನಾಲ್ಕೈದು ಬೀಜ. ಬೆಳಗ್ಗೆ ಕೂತರೆ ಸಂಜೆಗೆ ಸೊಂಟ ನಮ್ಮದಲ್ಲ. ಬೀಜ ಅಂಗಡಿಗೆ, ಚಿಪ್ಪು ಒಲೆಗೆ, ಗರಿ ಸೂರಿಗೆ. ತಾಳೆಮರವನ್ನು ಯಾರೂ ನೆಟ್ಟಿದ್ದಲ್ಲ. ಅದು ನಮ್ಮಜ್ಜಿಯರು ಗುಲಾಮರಾಗಿದ್ದಾಗಲೂ ಇತ್ತು, ಬಿಡುಗಡೆಯಾದಾಗಲೂ ಇತ್ತು. ಬಿಡುಗಡೆಯಾದವರಿಗೆ ಯಾರೂ ಒಂದು ಗೇಣು ಭೂಮಿ ಕೊಡಲಿಲ್ಲ. ತಾಳೆ ಕೊಟ್ಟಿತು.

ಹಳೆಯ ಕಾಯಿಯೊಳಗೆ ಒಮ್ಮೊಮ್ಮೆ ಬೀಜದ ಬದಲು ದಪ್ಪ ಬಿಳಿ ಹುಳ ಇರುತ್ತದೆ. ಅದನ್ನು ಅದರದೇ ಕೊಬ್ಬಿನಲ್ಲಿ ಹುರಿದು ಮರಗೆಣಸಿನ ಹಿಟ್ಟಿನ ಜೊತೆ ತಿನ್ನುತ್ತೇವೆ. ರುಚಿ. ಪೇಟೆಯವರಿಗೆ ಅಸಹ್ಯ. ಅದಕ್ಕೇ ಓಟು ಕೇಳಲು ಬಂದವರಿಗೆಲ್ಲ ನಾವು ಮೊದಲು ಹುಳ ಹುರಿದು ಮುಂದಿಡುತ್ತೇವೆ. ಇಟ್ಟು ಮುಖ ನೋಡುತ್ತೇವೆ. ನಮ್ಮವ್ವನ ಕಾಲದಿಂದ ಬಂದ ಪರೀಕ್ಷೆ ಇದು. ಕೆಲವರು "ಈಗ್ತಾನೇ ಊಟ ಆಯ್ತು" ಅನ್ನುತ್ತಾರೆ. ಒಬ್ಬ ಬಾಯಿಗೆ ಹಾಕಿಕೊಂಡು ಕಾರಿನ ಹಿಂದೆ ಹೋಗಿ ಉಗಿದ. ಅವನ ಹೆಸರು ಹೇಳಿಕೊಂಡು ಒಂದು ವರ್ಷ ನಕ್ಕೆವು.

ಆ ಸಲ ಮೇಯರ್ ಆಗಲು ನಿಂತವರು ಇಬ್ಬರು. ಮೊದಲು ಬಂದವಳು ದೋನಾ ಎರ್ಸೀಲಿಯಾ. ದೋನಾ ಅಂದರೆ ಅಮ್ಮಾವ್ರು ಅಂದ ಹಾಗೆ. ಪೇಟೆಯ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವಳು. ಬೈಕಿನ ಮೇಲೆ ಒಬ್ಬಳೇ ಬಂದಳು, ಕಂಕುಳಲ್ಲಿ ಫೈಲು. ಸ್ಟೂಲು ಕೇಳಿ ಹಾಕಿಸಿಕೊಂಡು ಕೂತಳು. ನಗಲಿಲ್ಲ.

"ಎಷ್ಟು ಜನ ಒಡೀತೀರ? ಯಾರ ಜಮೀನಲ್ಲಿ? ಬೇಲಿ ಹಾಕಿದಾರಾ? ಹಾಕಿದ್ರೆ ಯಾವ ವರ್ಷ?"

ಹುಳ ಮುಂದಿಟ್ಟೆವು. "ನಂಗೆ ಬೇಡ" ಅಂದಳು. ಊಟ ಆಯ್ತು ಅಂತ ಸುಳ್ಳೂ ಹೇಳಲಿಲ್ಲ. ಹೋಗುವಾಗ ನನ್ನ ಕೈ ಕುಲುಕಿ, ಆ ಕೈಯನ್ನು ಸ್ಕರ್ಟಿಗೆ ಒರೆಸಿಕೊಂಡಳು. ಎಲ್ಲರೂ ನೋಡಿದರು. ಬಿಸಿಲಿತ್ತು, ಬೆವರಿರಬಹುದು. ನಮಗೆ ಹಾಗನ್ನಿಸಲಿಲ್ಲ.

"ಆ ಮುಖ ನೋಡಿದ್ರೆ ಕಾಯಿಸಿದ್ ಹಾಲೂ ಒಡೆದೋಗುತ್ತೆ" ಅಂದಳು ಪಕ್ಕದ ಮನೆಯ ದೊಮಿಂಗಸ್. ಬೈಕು ಮರೆಯಾಗುವವರೆಗೂ ನಕ್ಕೆವು.

ಮೂರು ದಿನ ಬಿಟ್ಟು ಅದೆಲ್ಮು ಬಂದ. ಅವನಿಗೆ ಕುರ್ಚಿ ತರಲು ಹೋದರೆ ಬೇಡ ಅಂದ. ನೇರ ಬಂದು ನನ್ನ ಪಕ್ಕ ಚಿಪ್ಪಿನ ರಾಶಿಯ ಮೇಲೆ ಕೂತ.

"ಅಕ್ಕಾ, ನಮ್ಮವ್ವನೂ ಒಡೀತಿದ್ದೋಳೇ. ಅವಳ ತೊಡೆ ಪಕ್ಕದಲ್ಲೇ ಬಿದ್ಕೊಂಡು ಬೆಳೆದೋನು ನಾನು. ಆ ಕೊಡ್ಲಿ ಇತ್ಲಾಗ್ ಕೊಡು."

ಕೊಟ್ಟೆ. ತೊಡೆ ಕೆಳಗೆ ಸರಿಯಾಗಿ ಇಟ್ಟ. ಹೊಡೆದ. ಬೀಜಕ್ಕೆ ಪೆಟ್ಟಾಗದಂತೆ ಕಾಯಿ ಬಿಚ್ಚಿದ. ಇದು ಒಂದು ದಿನ ಕಲಿತು ತೋರಿಸುವ ಕೆಲಸವಲ್ಲ. ಹುಳ ತಿಂದ. ಇನ್ನೆರಡು ಕೇಳಿ ಹಾಕಿಸಿಕೊಂಡ. ಮಕ್ಕಳ ಹೆಸರು ಕೇಳಿದ. ನನ್ನ ಮಂಡಿ ಊದಿದ್ದನ್ನು ಕಂಡು ತಾನೇ ಎಣ್ಣೆ ತರಿಸಿ "ಹಿಂಗ್ ತಿಕ್ಕು" ಅಂತ ತೋರಿಸಿದ. ಆಮೇಲೆ ನಮ್ಮ ತೂಗುಮಂಚದಲ್ಲಿ ಮಲಗಿ ಒಂದು ಗಂಟೆ ಗೊರಕೆ ಹೊಡೆದ. ಕಳ್ಳನಾದವನು ಬೇರೆಯವರ ಮನೆಯಲ್ಲಿ ಬಾಯಿ ಬಿಟ್ಟುಕೊಂಡು ಮಲಗುವುದಿಲ್ಲ ಅಂತ ನಾನು ಲೆಕ್ಕ ಹಾಕಿದೆ.

"ಇವನು ನಮ್ಮೋನು" ಅಂದೆ. ಮುಗಿಯಿತು. ಅವನು ಮೇಯರ್ ಆದ. ಎರ್ಸೀಲಿಯಾ ಮುಂದಿನ ವರ್ಷಗಳಲ್ಲಿ ಹೇಗೋ ಏಗಿ ಕೌನ್ಸಿಲ್ಲಿನಲ್ಲಿ ಒಂದು ಸೀಟು ಹಿಡಿದಳು. ನಮ್ಮ ಒಂದು ಓಟೂ ಇಲ್ಲದೆ.

ಬೇಲಿ ಬಂದದ್ದು ಆಮೇಲೆ. ನಾವು ಕಾಯಿ ಆರಿಸುತ್ತಿದ್ದ ಕಾಡನ್ನು ದನದ ಸಾಹುಕಾರನೊಬ್ಬ ಕೊಂಡುಕೊಂಡ. ಯಾರಿಂದ ಕೊಂಡ ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ. ಐದು ಎಳೆ ತಂತಿ ಎಳೆಸಿದ. ದನ ಕಾಯುವ ಬೇಲಿಗೆ ಬಿಡುವ, ಚುರುಕ್ ಅನ್ನಿಸುವ ಸಣ್ಣ ಕರೆಂಟಲ್ಲ ಅದು, ಕಂಬದಿಂದ ನೇರ ಎಳೆದದ್ದು. ತಾಳೆಮರಗಳು ಒಳಗೆ. ನಾವು ಹೊರಗೆ. ಕಾಯಿ ಉದುರಿ ಕೊಳೆಯುವ ವಾಸನೆ ಗುಡಿಸಲಿಗೆ ಬರುತ್ತಿತ್ತು. ಒಲೆ ಉರಿಯುತ್ತಿರಲಿಲ್ಲ.

ಒಂದು ದಿನ ಎರ್ಸೀಲಿಯಾ ಮತ್ತೆ ಬೈಕಿನಲ್ಲಿ ಬಂದಳು. ಈ ಸಲ ಸ್ಟೂಲನ್ನೂ ಕೇಳಲಿಲ್ಲ. ನಿಂತೇ ಹೇಳಿದಳು.

"ಭೂಮಿ ಯಾರದೇ ಆಗ್ಲಿ, ತಾಳೆಕಾಯಿ ಮಾತ್ರ ಅದನ್ನ ಒಡೆಯೋ ಹೆಂಗಸ್ರದ್ದು ಅಂತ ಕಾನೂನು ಮಾಡಿದ್ವಿ. ಬೇಲಿಗೆ ಗೇಟು ಇಡ್ಬೇಕು, ಕರೆಂಟು ತೆಗೀಬೇಕು. ಕೌನ್ಸಿಲ್ಲಲ್ಲಿ ಒಂದು ಓಟಲ್ಲಿ ಗೆದ್ವಿ. ಮೇಯರ್ ಒಪ್ಪಲ್ಲ ಅಂತ ಬರ್ದು ವಾಪಸ್ ಕಳ್ಸಿದಾನೆ. ಇದು ಅವನ ಸಹಿ."

ಕಾಗದ ಮುಂದೆ ಹಿಡಿದಳು. ನನಗೆ ಕಂಡದ್ದು ನೀಲಿ ಗೀಟು.

"ಅದೆಲ್ಮು ಹಂಗೆಲ್ಲ ಮಾಡೋನಲ್ಲ" ಅಂದೆ. "ಅವನ ಮುಖ ನಾನು ನೋಡಿದೀನಿ. ನಿಮ್ಮುಖಾನೂ ನೋಡ್ತಾ ಇದೀನಿ."

"ನನ್ ಮುಖ ತಗೊಂಡು ಏನ್ಮಾಡ್ತೀಯಾ? ಕಾಗದ ನೋಡು."

"ನಂಗೆ ಓದಕ್ ಬರಲ್ಲ ದೋನಾ."

"ಬರೋರ ಹತ್ರ ಓದಿಸು" ಅಂದು ಕಾಗದವನ್ನು ನನ್ನ ಮಡಿಲಿಗೆ ಹಾಕಿ ಹೋದಳು. ಸಮಾಧಾನದ ಒಂದು ಮಾತಿಲ್ಲ. ಅದನ್ನು ಒಲೆಯ ಹತ್ತಿರ ಸಿಕ್ಕಿಸಿದೆ. ಓದಿಸಲಿಲ್ಲ.

ಓದಿಸುವ ಬದಲು ನಾವು ನಡೆದೆವು. ಹದಿನಾರು ಹೆಂಗಸರು, ಬೆಳಗ್ಗೆ ಹೊರಟು ಮಧ್ಯಾಹ್ನ ಪೇಟೆ ಸೇರಿದೆವು. ಎದುರಿಗೆ ನಿಂತು ಕೇಳೋಣ, ಕಣ್ಣು ನೋಡಿದರೆ ಗೊತ್ತಾಗುತ್ತದೆ ಅಂತ ನಾನೇ ಕರೆದುಕೊಂಡು ಹೋದದ್ದು. ಅದೆಲ್ಮು ಮೀಟಿಂಗ್ ಬಿಟ್ಟು ಹೊರಗೆ ಓಡಿಬಂದ. ನನ್ನನ್ನು ತಬ್ಬಿಕೊಂಡ. ಹದಿನಾರು ಜನರ ಹೆಸರನ್ನೂ ತಪ್ಪದೆ ಹೇಳಿದ. ದೊಮಿಂಗಸಳ ಸತ್ತ ಗಂಡನ ಹೆಸರೂ ಅವನಿಗೆ ನೆನಪಿತ್ತು. ಅವಳು ಅತ್ತಳು. ತನ್ನ ಕೈಯಾರೆ ಕಾಫಿ ಬಗ್ಗಿಸಿ ಕೊಟ್ಟ.

"ಬೇಲಿ ವಿಷ್ಯ..." ಅಂದೆ.

"ನಂಗೊತ್ತಿಲ್ವಾ ಅಕ್ಕ? ಅದೇ ಯೋಚ್ನೇಲಿ ನಿದ್ದೆ ಇಲ್ಲ ನಂಗೆ" ಅಂದ. ಕಣ್ಣ ಕೆಳಗೆ ಕಪ್ಪಾಗಿತ್ತು. ನಿಜವಾಗಿಯೂ ನಿದ್ದೆ ಇರಲಿಲ್ಲ. "ಮಂಡಿ ಹೆಂಗಿದೆ?"

ಮಂಡಿಯ ವಿಷಯ ಹೇಳಿದೆ. ಕಾಫಿ ಕುಡಿದು ವಾಪಸ್ ನಡೆದೆವು. ಅರ್ಧ ದಾರಿ ಬಂದ ಮೇಲೆ ನನ್ನ ತಂಗಿ ಜುಲ್ಮೀರಾ ನಿಂತಳು.

"ಅಕ್ಕ, ಸಹಿ ಹಾಕ್ದ್ಯೋ ಇಲ್ವೋ ಅಂತ ಅವನ್ನ ಕೇಳ್ದ್ಯಾ?"

ಯಾರೂ ಕೇಳಿರಲಿಲ್ಲ.

"ಅಷ್ಟು ಪ್ರೀತಿಯಿಂದ ಮಾತಾಡ್ಸೋನ್ನ ಹೆಂಗೇ ಕೇಳೋದು?" ಅಂದಳು ದೊಮಿಂಗಸ್. ಎಲ್ಲರೂ ಹೌದು ಅಂದರು. ನಾನೂ ಅಂದೆ.

ಜುಲ್ಮೀರಾ ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಹಳ್ಳಿಯಲ್ಲಿ ಅವಳಷ್ಟು ಬೇಗ ಒಡೆಯುವವರು ಇರಲಿಲ್ಲ. ಆ ವಾರ ಮನೆಯಲ್ಲಿ ಇದ್ದದ್ದು ಮರಗೆಣಸಿನ ಹಿಟ್ಟು ಮತ್ತು ಉಪ್ಪು. ಅದೂ ಮುಗಿದ ದಿನ ಅವಳು ಬೇಲಿಯ ಕೆಳಗೆ ಮಣ್ಣು ತೋಡಿ ಒಳಗೆ ನುಸುಳಿದಳು. ನಾನು ಹೊರಗೆ ಕಾವಲು ನಿಂತೆ. ಒಂದು ಮೂಟೆ ಕಾಯಿ ಹೊರಗೆ ತಳ್ಳಿದಳು. ಎರಡನೆಯ ಮೂಟೆ ತಳ್ಳುವಾಗ ಎಡಗೈ ಕೆಳಗಿನ ತಂತಿಗೆ ತಾಗಿತು.

ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ಬೆರಳುಗಳು ತಂತಿಯನ್ನು ಹಿಡಿದುಕೊಂಡವು. ಕೂಗಲೂ ಇಲ್ಲ, ಹಲ್ಲು ಕಚ್ಚಿಕೊಂಡಿತ್ತು. ನಾನು ಒಣ ದೊಣ್ಣೆಯಿಂದ ಅವಳ ಕೈಗೆ ಹೊಡೆದೆ. ಕಾಯಿಗೆ ಹೊಡೆದಂತೆ ಹೊಡೆದೆ. ನಾಲ್ಕನೇ ಏಟಿಗೆ ಬಿಟ್ಟಿತು. ಮಾಂಸ ಸುಟ್ಟ ವಾಸನೆ ಬಂತು. ಹಸಿದಿದ್ದ ನನ್ನ ಬಾಯಲ್ಲಿ ನೀರೂರಿತು. ಅದಕ್ಕಾಗಿ ನನ್ನನ್ನು ನಾನು ಕ್ಷಮಿಸಿಲ್ಲ.

ಹಳ್ಳಿಯಿಂದ ಆಸ್ಪತ್ರೆಗೆ ಗಾಡಿ ಇಲ್ಲ. ಸೊಪ್ಪು ಅರೆದು ಕಟ್ಟಿದೆವು. ಎರಡನೇ ದಿನ ಬೆರಳು ಕಪ್ಪಾದವು. ಮೂರನೇ ದಿನ ಅದೆಲ್ಮುವಿನ ಕಾರು ಬಂತು. ಯಾರು ಹೇಳಿದರೋ, ತಾನೇ ಓಡಿಸಿಕೊಂಡು ಬಂದಿದ್ದ. ಜುಲ್ಮೀರಾಳ ಕೈ ನೋಡಿ ನೆಲಕ್ಕೆ ಕುಸಿದು ಅತ್ತ. ಮೂಗಿನಿಂದ ನೀರು ಸುರಿಯಿತು, ಒರೆಸಿಕೊಳ್ಳಲಿಲ್ಲ. ಅವಳನ್ನು ಮಗುವಿನಂತೆ ಎತ್ತಿಕೊಂಡು ಕಾರಿನಲ್ಲಿ ಮಲಗಿಸಿದ. ಆರು ಗಂಟೆ ದಾರಿ, ರಾಜಧಾನಿಯ ದೊಡ್ಡಾಸ್ಪತ್ರೆಗೆ. ಎಲ್ಲೂ ಊಟಕ್ಕೂ ನಿಲ್ಲಿಸಲಿಲ್ಲ.

ಕೈಯನ್ನು ಮಣಿಕಟ್ಟಿನ ಮೇಲೆ ಕತ್ತರಿಸಿದರು. ಎಡಗೈ. ಕಾಯಿ ಹಿಡಿಯುವ ಕೈ.

ಗಾಯ ಬೇಗ ಮಾಯಲಿಲ್ಲ. ವಾರಕ್ಕೊಮ್ಮೆ ಬಂದು ಕಟ್ಟು ಬದಲಿಸಬೇಕು, ಬಿಟ್ಟರೆ ಮೊಣಕೈವರೆಗೂ ಹೋಗುತ್ತದೆ ಅಂದರು ಡಾಕ್ಟರು. ಅದೆಲ್ಮು ಪ್ರತಿ ವಾರ ಕಾರು ಕಳಿಸಿದ. ತನಗೆ ಬಿಡುವಾದಾಗ ತಾನೇ ಬಂದ. ಅಂಥ ಒಂದು ದಿನ, ಆಸ್ಪತ್ರೆಯಿಂದ ವಾಪಸ್ ಬರುವಾಗ, ಮುಂದಿನ ಸೀಟಿನಲ್ಲಿ ಕೂತಿದ್ದ ನಾನು ಕೊನೆಗೂ ಕೇಳಿದೆ.

"ಆ ಕಾನೂನು ಬೇಡ ಅಂತ ಸಹಿ ಹಾಕ್ದೋನು ನೀನೇನಾ?"

ಸುಳ್ಳು ಹೇಳುತ್ತಾನೆ ಅಂದುಕೊಂಡೆ. ಹೇಳಿದ್ದರೆ ಚೆನ್ನಾಗಿತ್ತು. ಬಯ್ಯಲು ಸುಲಭ ಆಗುತ್ತಿತ್ತು.

"ಹೂಂ ಅಕ್ಕ. ನಾನೇ. ಸಾಹುಕಾರ ಇಲ್ದಿದ್ರೆ ನಾನು ಗೆಲ್ತಿರ್ಲಿಲ್ಲ. ಏನ್ಮಾಡ್ಲಿ, ನನ್ ಕೈ ಕಟ್ಟಾಕ್ಬಿಟ್ಟಿದ್ರು."

ಹಿಂದಿನ ಸೀಟಿನಲ್ಲಿ ಜುಲ್ಮೀರಾ ನಕ್ಕಳು. ಕೈ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಬಹಳ ಹೊತ್ತು ನಕ್ಕಳು. ಅದೆಲ್ಮು ಕನ್ನಡಿಯಲ್ಲಿ ಅವಳನ್ನು ನೋಡಿದ. ಅವನ ಕಣ್ಣಲ್ಲಿ ನೀರು ತುಂಬಿತು. ನಾನು ಹತ್ತಿರದಿಂದ ನೋಡಿದೆ. ಅದು ನಾಟಕವಲ್ಲ. ಅವನು ಅಳುವುದು ನಿಜ, ಅವನ ಪ್ರೀತಿಯೂ ನಿಜ. ನಾನು ಅವನನ್ನು ಓದಿದ್ದರಲ್ಲಿ ಒಂದಕ್ಷರವೂ ತಪ್ಪಾಗಿರಲಿಲ್ಲ. ಹಾಗಿದ್ದೂ ನನ್ನ ತಂಗಿಗೆ ಕೈ ಇಲ್ಲ.

ಮನೆಗೆ ಬಿಟ್ಟು ಹೋಗುವಾಗ ಅವನು ನನ್ನ ಎರಡೂ ಕೈ ಹಿಡಿದುಕೊಂಡ. ಓಟು ಮತ್ತೆ ಬಂದಿತ್ತು. ಎದುರಿಗೆ ನಿಂತಿದ್ದವಳು ಮತ್ತೆ ಎರ್ಸೀಲಿಯಾ. ಗೆದ್ದರೆ ಮೊದಲ ದಿನವೇ ಆ ಕಾನೂನಿಗೆ ಸಹಿ ಹಾಕುತ್ತೇನೆ ಅಂತ ಊರೂರಿಗೆ ಅದೇ ಹಾಲು ಒಡೆಯುವ ಮುಖ ಇಟ್ಟುಕೊಂಡು ಹೇಳುತ್ತಿದ್ದಳು.

"ಭಾನುವಾರ ಪೇಟೇಲಿ ಸಭೆ ಇದೆ ಅಕ್ಕ. ನಿನ್ ಮಾತು ಅಂದ್ರೆ ಎಲ್ಲಾ ಹೆಂಗಸ್ರೂ ಕೇಳ್ತಾರೆ. ನಾನು ಎಂಥೋನು ಅಂತ ನಿಂಗ್ ಗೊತ್ತಲ್ಲ, ಅಷ್ಟೇ ಹೇಳು. ಎರಡೇ ಮಾತು. ಮತ್ತೆ, ಬುಧವಾರ ಕಟ್ಟು ಬದಲ್ಸೋಕೆ ಕಾರು ಬರುತ್ತೆ, ಯೋಚ್ನೆ ಬೇಡ."

ಬೆದರಿಸಲಿಲ್ಲ. ಎರಡು ಮಾತುಗಳನ್ನು ಅಕ್ಕಪಕ್ಕ ಇಟ್ಟ, ಅಷ್ಟೇ.

ಭಾನುವಾರ ಬೆಳಗ್ಗೆ ಜುಲ್ಮೀರಾಳ ಮುಂದೆ ಕೂತೆ. ಮೊಂಡು ಕೈಯ ಬಟ್ಟೆ ಒದ್ದೆಯಾಗಿತ್ತು. ಕೀವು ನಿಂತಿರಲಿಲ್ಲ.

"ಏನ್ ಹೇಳ್ಲೇ?"

"ನಂಗೇನ್ ಗೊತ್ತು? ಮನುಷ್ಯರನ್ನ ನೋಡಿದ್ ತಕ್ಷಣ ಹೇಳೋಳು ನೀನು. ನೀನೇ ಹೇಳು."

ಕೊಡಲಿ ಏಟು ತಿಂದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಎದ್ದು ಮುಖ ತೊಳೆದುಕೊಂಡೆ.

ಚರ್ಚಿನ ಮುಂದೆ ಮರದ ವೇದಿಕೆ ಕಟ್ಟಿದ್ದರು. ಡೋಲು, ಪಟಾಕಿ, ಪುಕ್ಕಟೆ ಅನ್ನ. ಬಿಸಿಲು ನೆತ್ತಿಯ ಮೇಲಿತ್ತು. ಅದೆಲ್ಮು ತಾನೇ ಇಳಿದುಬಂದು ನನ್ನ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿದ. ಮೈಕು ನನ್ನ ಎತ್ತರಕ್ಕೆ ಬಗ್ಗಿಸಿಕೊಟ್ಟ. ಕೆಳಗೆ ನಮ್ಮ ಹೆಂಗಸರೆಲ್ಲ ಮುಂದಿನ ಸಾಲಿನಲ್ಲಿ ನಿಂತಿದ್ದರು. ಜುಲ್ಮೀರಾ ಒಂದು ಮರಕ್ಕೆ ಒರಗಿದ್ದಳು.

"ನಾನು ದಾಲ್ವೀನಾ" ಅಂದೆ. ನನ್ನ ದನಿ ಚರ್ಚಿನ ಗೋಡೆಗೆ ಬಡಿದು ವಾಪಸ್ ಬಂತು. ಹೆದರಿಕೆಯಾಯಿತು. "ಹೋದ್ ಸಲ ನಾನ್ ಹೇಳ್ದೆ, ನೀವ್ ಹಾಕಿದ್ರಿ. ಈಗ್ಲೂ ಹೇಳ್ತೀನಿ. ಅದೆಲ್ಮು ಒಳ್ಳೇ ಮನುಷ್ಯ."

ಚಪ್ಪಾಳೆ ಬಿತ್ತು. ಡೋಲು ಎರಡೇಟು ಹೊಡೆದರು.

"ನೆಲದ್ ಮೇಲೆ ಕೂರ್ತಾನೆ. ನಾವ್ ತಿಂದಿದ್ದೇ ತಿಂತಾನೆ. ನಮ್ ಸತ್ತೋರ ಹೆಸರೂ ನೆನಪಿಟ್ಕೊಂಡಿದಾನೆ. ನನ್ ತಂಗೀನ ಎತ್ಕೊಂಡು ಕಾರಲ್ಲಿ ಹಾಕ್ಕೊಂಡೋದ. ಅವಳಿಗೋಸ್ಕರ ಅತ್ತ. ಕಣ್ಣೀರು ನಿಜದ್ದು, ನಾನ್ ನೋಡಿದೀನಿ."

ಮತ್ತೆ ಚಪ್ಪಾಳೆ. ಅದೆಲ್ಮು ತಲೆ ಬಗ್ಗಿಸಿ ಎದೆಯ ಮೇಲೆ ಕೈ ಇಟ್ಟುಕೊಂಡ.

"ಬೇಲಿ ಕರೆಂಟು ತೆಗೀಬೇಡಿ ಅಂತ ಸಹಿ ಹಾಕಿದ್ದೂ ಇವನೇ. ಇವನ ಬಾಯಿಂದ್ಲೇ ಕೇಳ್ದೆ. ಇವನು ಒಳ್ಳೆಯೋನೇ. ಒಳ್ಳೆಯೋನು ಅಂತ ಬೇಕಾದ್ರೆ ಮನೆಗೆ ಕರ್ದು ಊಟ ಹಾಕಿ. ಮಕ್ಕಳಿಗೆ ಇವನ ಹೆಸರಿಡಿ. ಓಟ್ ಮಾತ್ರ ಹಾಕ್ಬೇಡಿ. ಆ ಸಿಡುಕುಮೋರೆಯವಳಿಗೆ ಹಾಕಿ. ಅವಳು ನಮ್ ಕೈ ಮುಟ್ಟಿ ಒರೆಸ್ಕೊಂಡ್ರೆ ಒರೆಸ್ಕೊಳ್ಲಿ. ನಮಗೆ..."

ಮೈಕು ಸತ್ತಿತು. ತುಟಿ ಆಡಿಸುತ್ತಿದ್ದೆ, ದನಿ ಇರಲಿಲ್ಲ. ಕೂಗಿ ಹೇಳಿದೆ. ಡೋಲು ಶುರು ಮಾಡಿದರು.

ಕೆಳಗಿನಿಂದ ಯಾರೋ "ಉಂಡ ಮನೆಗೆ ಎರಡು ಬಗೆಯೋಳು!" ಅಂತ ಕಿರುಚಿದಳು. ಪರಸ್ಥಳದವಳಲ್ಲ, ನನ್ನ ಗುಡಿಸಲ ಮುಂದೆ ನಿಂತು ಯಾರಿಗೆ ಓಟು ಅಂತ ಕೇಳಿದವಳೇ. ಒಂದು ಕಿತ್ತಳೆ ಸಿಪ್ಪೆ ಬಂದು ಎದೆಗೆ ಬಿತ್ತು. ಅದೆಲ್ಮು ಎರಡೂ ಕೈ ಎತ್ತಿ ಜನರನ್ನು ಸುಮ್ಮನಾಗಿಸಿದ.

"ಏನೂ ಅನ್ಬೇಡಿ ಅವಳ್ನ. ಸಂಕಟದಲ್ಲಿದಾಳೆ. ನೀರ್ ಕೊಡ್ರೋ ಅಕ್ಕಂಗೆ."

ಅವನಿಗೂ ಚಪ್ಪಾಳೆ ಬಿತ್ತು. ನಾನು ಹೇಳಿದ್ದೆಲ್ಲ ಆ ಒಂದು ಚಪ್ಪಾಳೆಯಲ್ಲಿ ಕೊಚ್ಚಿಕೊಂಡು ಹೋಯಿತು. ಅವನು ನನ್ನ ಮೊಣಕೈ ಹಿಡಿದ.

"ನಿಧಾನ ಅಕ್ಕ. ಮೆಟ್ಲು ಜೋಪಾನ."

"ಬಿಡು."

"ಬೀಳ್ತೀಯಾ."

"ಬಿಡು ಅಂದ್ನಲ್ಲ. ಇನ್ಮೇಲೆ ನಮ್ಮನೆಗ್ ಬರ್ಬೇಡ. ನಮ್ ಪಕ್ಕ ಕೂರ್ಬೇಡ. ನನ್ ಮಂಡಿ ಕೇಳ್ಬೇಡ."

ಕೈ ಕಿತ್ತುಕೊಂಡು ಮೆಟ್ಟಿಲು ಇಳಿದೆ. ಮೂರನೇ ಮೆಟ್ಟಿಲಲ್ಲಿ ಕಾಲು ಮಡಚಿತು. ಮುಖ ಅಡಿಯಾಗಿ ಬಿದ್ದೆ. ಬಾಯಲ್ಲಿ ಮಣ್ಣು. ಯಾರೂ ಎತ್ತಲು ಬರಲಿಲ್ಲ. ಬಂದವನು ಅವನೊಬ್ಬನೇ. ಬಗ್ಗಿ ಕೈ ಚಾಚಿದ. ನಾನು ಆ ಕೈಗೆ ಹೊಡೆದೆ. ಎದ್ದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಇಡೀ ಚೌಕ ನೋಡುತ್ತಿತ್ತು, ಅವನೂ ನೋಡುತ್ತಿದ್ದ. ನನಗೆ ಅಳು ಬಂತು. ಅಳುತ್ತಲೇ ಎದ್ದೆ.

ಜುಲ್ಮೀರಾ ಮರ ಬಿಟ್ಟು ನನ್ನ ಜೊತೆ ಹೆಜ್ಜೆ ಹಾಕಿದಳು. ಪೇಟೆ ದಾಟಿ ಮಣ್ಣಿನ ದಾರಿಗೆ ಬಂದಾಗ ಹಿಂದಿನಿಂದ ಚಪ್ಪಲಿ ಸದ್ದು ಕೇಳಿತು. ದೊಮಿಂಗಸ್ ಓಡಿಬಂದಳು. ಸಮಾಧಾನ ಹೇಳಲು ಬರಲಿಲ್ಲ, ಬಯ್ಯಲು ಬಂದಳು. ಬೇಲಿ ಸಿಗುವವರೆಗೂ ಬೈದಳು. ಬುದ್ಧಿಗೇಡಿ ಅಂದಳು, ಕೃತಘ್ನಳು ಅಂದಳು, ಆ ದರಿದ್ರ ಮೋರೆಯವಳು ನಿನಗೆ ಏನು ತಿನ್ನಿಸಿದಳು ಅಂದಳು. ಬೇಲಿಯ ಪಕ್ಕ ಬಂದಾಗ ನನ್ನ ತೋಳು ಹಿಡಿದು ನಿಲ್ಲಿಸಿ, ಜುಲ್ಮೀರಾಳ ಒದ್ದೆ ಕಟ್ಟಿನ ಕಡೆ ಬೆರಳು ಮಾಡಿದಳು.

"ಬುಧವಾರ ಯಾರ್ ಕಾರ್ ಬರುತ್ತೇ? ಹೇಳು. ಈ ಮಗೀನ ಯಾರ್ ಕಾರಲ್ಲಿ ಕರ್ಕೊಂಡೋಗ್ತೀಯಾ?"

ಬುಧವಾರಕ್ಕೆ ಮೂರು ದಿನ. ಕೀವಿನ ವಾಸನೆ ನನಗೂ ಬರುತ್ತಿತ್ತು. ತಪ್ಪು ಮಾಡಿದೆನೇನೋ ಅನ್ನಿಸಿತು. ಒಳಗೆ ತಾಳೆಕಾಯಿಗಳು ರಾಶಿ ಬಿದ್ದಿದ್ದವು. ತಂತಿ ಗುಂಯ್ ಅನ್ನುತ್ತಿತ್ತು.

ಉತ್ತರ ಕೊಟ್ಟವಳು ಜುಲ್ಮೀರಾ.

"ಈ ಬೇಲಿ ಇಲ್ದಿದ್ರೆ ನಂಗ್ ಕಾರ್ ಯಾಕ್ ಬೇಕಿತ್ತು, ದೊಮಿಂಗಸಕ್ಕಾ?"